ನಾನು ಹೊರಗೆ ಹಾಕಿದ ಹುಡುಗಿ

ನಿವೃತ್ತಿಯಾದ ಮೇಲೆ ನನ್ನ ಮನೆಗೆ ಬರುವ ಹೊಸ ಕರಾಟೆ ತೀರ್ಪುಗಾರರು ಸಾಮಾನ್ಯವಾಗಿ ಎರಡೇ ವಿಷಯ ಕೇಳುತ್ತಾರೆ. ಪರೀಕ್ಷೆಯಲ್ಲಿ ಎಂಥ ಪ್ರಶ್ನೆಗಳು ಬರುತ್ತವೆ? ಹೊರರಾಜ್ಯದ ಪಂದ್ಯಗಳಿಗೆ ಕರೆ ಬರಲು ಎಷ್ಟು ವರ್ಷ ಬೇಕು? ಎರಡಕ್ಕೂ ನನಗಿಂತ ಚೆನ್ನಾಗಿ ಉತ್ತರ ಹೇಳುವವರಿದ್ದಾರೆ. ತಪ್ಪಾದರೆ ಏನು ಮಾಡಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ಅದನ್ನು ಬರೆದಿಡುತ್ತಿದ್ದೇನೆ.

ನಮ್ಮಪ್ಪ ಬಾಗಲಕೋಟೆ ಕಡೆಯವರು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದರು. ನಾನು ಕ್ವಾರ್ಟರ್ಸಿನಲ್ಲೇ ಬೆಳೆದೆ, ಲಿಂಗಂಪಲ್ಲಿಯ ಹತ್ತಿರದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾದೆ. ಬೆಳಿಗ್ಗೆ ಪ್ರಾರ್ಥನೆಯ ಸಾಲು ನಿಲ್ಲಿಸುವುದು, ಸಂಜೆ ಮಕ್ಕಳಿಗೆ ಕರಾಟೆ, ರಜೆಯ ದಿನಗಳಲ್ಲಿ ಪಂದ್ಯಗಳ ತೀರ್ಪು: ಮೂವತ್ತು ವರ್ಷಕ್ಕೂ ಹೆಚ್ಚು ನನ್ನ ದಿನಚರಿ ಇದೇ.

ಕ್ರೀಡಾ ಕರಾಟೆಯ ಮೂಲ ನಿಯಮ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಮುಖಕ್ಕೆ ಗುದ್ದು ಬಿಡಬೇಕು, ಆದರೆ ಅದು ಚರ್ಮದ ಹತ್ತಿರ ನಿಲ್ಲಬೇಕು. ಜೋರಾಗಿ ತಾಗಿದರೆ ಎಚ್ಚರಿಕೆ, ಮತ್ತೆ ತಾಗಿದರೆ ಇನ್ನೊಂದು ಎಚ್ಚರಿಕೆ, ಕೊನೆಗೆ ಹೊರಗೆ. ನಿಂತಿತೋ ತಾಗಿತೋ ಎಂದು ಹೇಳುವುದೇ ನಮ್ಮ ಕೆಲಸ. ಅದಕ್ಕೆ ಸಿಗುವ ಸಮಯ ಕಣ್ಣು ಮಿಟುಕಿಸುವಷ್ಟು.

ನಾನು ಈ ಕೆಲಸ ಕಲಿತದ್ದು ಕುಲಕರ್ಣಿ ಸರ್ ಅವರ ಕೈಯಲ್ಲಿ. ಕಲಬುರಗಿ ಮೂಲದವರು, ನಾರಾಯಣಗೂಡದಲ್ಲಿ ಹುಟ್ಟಿ ಬೆಳೆದವರು, ನಮ್ಮ ಮುಖ್ಯ ತೀರ್ಪುಗಾರರು. ಎಲ್ಲರೊಂದಿಗೂ ತೆಲುಗು, ಹಿಂದಿ ಆಡುತ್ತಿದ್ದರು, ನನ್ನೊಂದಿಗೆ ಮಾತ್ರ ಕನ್ನಡ. ಬೈಯುವುದಿದ್ದರೆ ಅನುಕೂಲವಾಗುತ್ತದೆ ಎನ್ನುತ್ತಿದ್ದರು, ಉಳಿದವರಿಗೆ ಅರ್ಥವಾಗುವುದಿಲ್ಲವಲ್ಲ. ಮೊದಲ ದಿನ ಮೂಲೆಯ ಕುರ್ಚಿಯಲ್ಲಿ ಕೆಂಪು, ನೀಲಿ ಬಾವುಟ ಹಿಡಿದು ಕುಳಿತಿದ್ದೆ. ಒಬ್ಬಳು ತಲೆಯೆತ್ತರಕ್ಕೆ ಅದ್ಭುತವಾದ ಒದೆ ಹಾಕಿದಳು. ನಾನು ಬಾವುಟಗಳನ್ನು ತೊಡೆಯ ಮೇಲಿಟ್ಟು ಚಪ್ಪಾಳೆ ತಟ್ಟಿಬಿಟ್ಟೆ. ಸರ್ ಪಂದ್ಯ ನಿಲ್ಲಿಸಿ ನನ್ನ ಹತ್ತಿರ ಬಂದರು.

"ಪ್ರಮೀಳಾ ಮೇಡಂ, ಚಪ್ಪಾಳಿ ತಟ್ಟೋರಿಗೆ ಮ್ಯಾಲೆ ಜಾಗಾ ಮಾಡೀವ್ರಿ. ಅಲ್ಲಿ ಹೋಗಿ ಕೂಡ್ರತೀರೋ, ಇಲ್ಲೇ ಕೆಲಸ ಮಾಡ್ತೀರೋ?"

ಆಮೇಲೆ ನಾನು ಎಂದೂ ಚಪ್ಪಾಳೆ ತಟ್ಟಲಿಲ್ಲ.

ಅವರೇ ಹೇಳಿಕೊಟ್ಟ ಇನ್ನೊಂದು ಪಾಠ ಕಿವಿಯದು. "ಕಣ್ಣು ಮೋಸ ಮಾಡ್ತಾವ್ರಿ. ಮುಂದ ನಿಂತಾಕಿ ಬೆನ್ನ ಅಡ್ಡ ಬರತೈತಿ. ಕಿವಿಲೆ ಕೇಳ್ರಿ. ಗುದ್ದು ನಿಂತ್ರ ತೋಳಿನ ಬಟ್ಟಿ ಸಪ್ಪಳ ಬರತೈತಿ, ಹಸೀ ಬಟ್ಟಿ ಝಾಡಿಸಿದಂಗ. ತಾಗಿದ್ರ ಆ ಸಪ್ಪಳ ಬ್ಯಾರೆ." ಇದನ್ನು ನಾನು ಮುಂದೆ ನೂರಾರು ಮಂದಿಗೆ ಹೇಳಿಕೊಟ್ಟೆ. ಬೇಕಾದ ದಿನ ನಾನೇ ಮರೆತೆ.

ಅದು ರಾಜ್ಯ ತಂಡಕ್ಕೆ ಹುಡುಗಿಯರ ಆಯ್ಕೆ. ಅಷ್ಟು ಹೊತ್ತಿಗೆ ಬಾವುಟಗಳು ಹೋಗಿ ಮೂಲೆಯವರ ಕೈಗೆ ಗುಂಡಿಯ ಯಂತ್ರ ಬಂದಿತ್ತು, ಅಂಕ ಪರದೆಯ ಮೇಲೆ ಬೀಳುತ್ತಿತ್ತು. ನಾನು ಮ್ಯಾಟಿನ ನಡುವೆ ನಿಲ್ಲುವ ಮುಖ್ಯ ರೆಫರಿ. ಕೆಂಪು ಪಟ್ಟಿ ಕಟ್ಟಿದವಳು ಶರಣಮ್ಮ, ಹದಿನೈದು ವರ್ಷ. ಅವಳ ಅವ್ವ ಚಂದಮ್ಮ ಯಾದಗಿರಿ ಕಡೆಯಿಂದ ಬಂದು ಲಿಂಗಂಪಲ್ಲಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳು ಎಂದು ನನಗೆ ಆಮೇಲೆ ಗೊತ್ತಾಯಿತು. ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ನಡೆದ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಯಲ್ಲಿ ಹುಡುಗಿ ಕರಾಟೆ ಹಿಡಿದಿದ್ದಳು. ತರಬೇತಿ ಮುಗಿದ ಮೇಲೂ ಬಿಟ್ಟಿರಲಿಲ್ಲ. ನೀಲಿ ಪಟ್ಟಿಯವಳು ಕೀರ್ತನಾ, ನಾರಾಯಣಗೂಡದವಳು, ಹೆಸರಾದ ತರಬೇತುದಾರರ ಶಿಷ್ಯೆ. ಅವಳ ಬದಿಯ ಕುರ್ಚಿಯಲ್ಲಿ ಗುರು ಟವೆಲ್ಲು, ನೀರು ಹಿಡಿದು ಕುಳಿತಿದ್ದರು. ಶರಣಮ್ಮನ ಬದಿಯ ಕುರ್ಚಿ ಖಾಲಿ. ಅವಳಿಗೆ ಕಲಿಸಿದವನಿಗೆ ಅಂದು ಬೇರೆ ಕೆಲಸವಿತ್ತಂತೆ.

ಕೊನೆಯ ಇಪ್ಪತ್ತು ಸೆಕೆಂಡು ಉಳಿದಿದ್ದಾಗ ಶರಣಮ್ಮ ನಾಲ್ಕು, ಕೀರ್ತನಾ ಎರಡು. ಶರಣಮ್ಮನ ಮೇಲೆ ಆಗಲೇ ಎಚ್ಚರಿಕೆಗಳಿದ್ದವು. ಕೀರ್ತನಾ ತಲೆ ತಗ್ಗಿಸಿ ನುಗ್ಗಿದಳು, ಶರಣಮ್ಮ ಗುದ್ದು ಬಿಟ್ಟಳು, ಕೀರ್ತನಾ ಮುಖ ಹಿಡಿದು ಬಿದ್ದು ಹೊರಳಿದಳು. ಅವಳ ಗುರು ಕೂಗುತ್ತ ಎದ್ದರು. ಡಾಕ್ಟರು ಬಂದು ನೋಡಿ, "ಸ್ವಲ್ಪ ಕೆಂಪಾದಂತಿದೆ" ಎಂದರು. ನಾನು ಬೆರಳು ತೋರಿಸಿ ಶರಣಮ್ಮನನ್ನು ಪಂದ್ಯದಿಂದ ಹೊರಗೆ ಹಾಕಿದೆ.

ಅವಳು ಅಳಲಿಲ್ಲ, ವಾದಿಸಲಿಲ್ಲ. ನನಗೆ, ಎದುರಾಳಿಗೆ ನಮಸ್ಕಾರ ಮಾಡಿ ಹೋದಳು. ಮೇಲಿನ ಮೆಟ್ಟಿಲಿನಿಂದ ಒಬ್ಬ ಹೆಂಗಸು, "ಏನಾತ್ ಬೇ? ಏನಾತು?" ಎಂದು ಕೇಳಿದ್ದು ಮಾತ್ರ ಕೇಳಿಸಿತು. ತೀರ್ಪನ್ನು ಪ್ರಶ್ನಿಸುವುದಿದ್ದರೆ ಕೂಡಲೇ ತರಬೇತುದಾರರು ಬರೆದು ಕೊಡಬೇಕು. ಬರೆಯುವವರು ಯಾರೂ ಇರಲಿಲ್ಲ. ನಾನು ಮುಂದಿನ ಜೋಡಿಯನ್ನು ಕರೆದೆ.

ಒಂದು ಗಂಟೆಯ ಬಳಿಕ ಹೊರಗೆ ನಲ್ಲಿಯ ಹತ್ತಿರ ಹೋದಾಗ ಕೀರ್ತನಾ ಮುಖ ತೊಳೆಯುತ್ತಿದ್ದಳು. ಗೆಳತಿಗೆ ತಾನು ಬಿದ್ದ ರೀತಿಯನ್ನು ಅಭಿನಯಿಸಿ ತೋರಿಸಿದಳು. ಇಬ್ಬರೂ ನಕ್ಕರು. ಅಭಿನಯದಲ್ಲಿ ಅವಳು ಎಡಗೆನ್ನೆ ಹಿಡಿದಿದ್ದಳು. ಮ್ಯಾಟಿನ ಮೇಲೂ ಎಡಗೆನ್ನೆಯನ್ನೇ ಹಿಡಿದಿದ್ದಳು. ಗುದ್ದು ಬಂದದ್ದು ಅವಳ ಬಲಗಡೆಗೆ.

ಆ ಪಂದ್ಯವನ್ನು ಯಾರಾದರೂ ವಿಡಿಯೊ ಮಾಡಿದ್ದಾರೆಯೇ ಎಂದು ಒಳಗೆ ಹೋಗಿ ಹುಡುಕಿದೆ. ಯಾರದೋ ತಂದೆ ತಮ್ಮ ಮಗಳ ಸರದಿಗಾಗಿ ಮುಂದಿನ ಸಾಲಿನಲ್ಲಿ ಕುಳಿತು ಮೊಬೈಲಿನಲ್ಲಿ ಎಲ್ಲ ಪಂದ್ಯಗಳ ವಿಡಿಯೊ ತೆಗೆಯುತ್ತಿದ್ದರು. ಅವರಿಂದ ಆ ತುಣುಕು ಪಡೆದು ನೋಡಿದೆ. ಶರಣಮ್ಮನ ಮುಷ್ಟಿ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಬಟ್ಟೆ ಝಾಡಿಸಿದ ಸಪ್ಪಳ ಆ ಚಿಕ್ಕ ಮೊಬೈಲಿನಲ್ಲೂ ಸ್ಪಷ್ಟವಾಗಿತ್ತು.

ಕುಲಕರ್ಣಿ ಸರ್ ಅವರಿಗೆ ತೋರಿಸಿದೆ. ಅವರು ಎರಡು ಸಲ ನೋಡಿ ಕನ್ನಡಕ ತೆಗೆದರು.

"ಈಗೇನ್ ಮಾಡ್ತೀರಿ? ಪಟ್ಟಿಗೆ ಸಹಿ ಆಗೇತಿ, ಹೆಸರು ಓದ್ಯಾರ. ಆ ಹುಡುಗಿ ಕಡೆಯಿಂದ ಯಾರರೆ ತಕರಾರ ಕೊಟ್ರೇನು?"

"ಕೊಡೋರು ಇರಲಿಲ್ರಿ ಸರ್."

"ಅದೇ ಅನ್ನಾಕತ್ತೀನಿ. ಇರಲಿಲ್ಲ." ಮೊಬೈಲು ನನ್ನ ಕೈಗೆ ವಾಪಸು ಕೊಟ್ಟು, "ನಾ ಇಂಥಾವು ಮೂರು ಮಾಡೀನ್ರಿ. ಮೂರೂ ನೆನಪದಾವ. ನೀವು ನಿಮ್ಮದು ಬರದು ಕೊಡ್ರಿ, ನಾ ಕಮಿಟಿಗೆ ಕಳಸ್ತೀನಿ. ಏನೂ ಆಗೂದಿಲ್ಲ. ಆದ್ರೂ ಕೊಡ್ರಿ" ಎಂದರು.

ಬರೆದು ಕೊಟ್ಟೆ. ಏನೂ ಆಗಲಿಲ್ಲ. ಕೀರ್ತನಾ ಆ ವರ್ಷ ರಾಜ್ಯ ತಂಡದಲ್ಲಿ ಆಡಿದಳು.

ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಮುಂದಿನ ಭಾನುವಾರ ಶರಣಮ್ಮನ ಮನೆಗೆ ಹೋದೆ. ಲಿಂಗಂಪಲ್ಲಿ ಸ್ಟೇಶನ್ನಿನಿಂದ ಒಂದಿಷ್ಟು ದೂರ, ಏಳುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ಚಂದಮ್ಮ ಹೊರಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಬಂದ ಕಾರಣವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ತಪ್ಪ ಆತು ಅಂತ ಹೇಳಾಕ ಬಂದೀರೇನ್ರಿ ಅಕ್ಕೋರ? ಹೇಳಿದ್ರ ಆಕಿನ್ನ ಟೀಮಿಗೆ ತಗೋತಾರೇನ್ರಿ?"

"ಇಲ್ಲ."

"ಮತ್ತ ಯಾಕ ಬಂದ್ರಿ?"

ಆಗ ಒಳಗಿನಿಂದ ಶರಣಮ್ಮ ಬಂದು ಬಾಗಿಲಲ್ಲಿ ನಿಂತಳು. ಚಂದಮ್ಮ ಮಗಳ ಮುಖ ನೋಡಿ, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು.

"ಅಂದ್ರ ಈಕಿ ಆ ಹುಡುಗಿ ಮಾರಿಗೆ ಹೊಡದಿಲ್ಲೇನ್ರಿ?"

"ಹೊಡೆದಿಲ್ಲಮ್ಮಾ. ಕೈ ತಾಗಿಲ್ಲ."

"ನಾ ಈಕಿಗೆ ಎಂಟ ದಿನಾ ಆತ್ರಿ ಮಾತಾಡಿಸಿಲ್ಲ. ಮಂದಿ ಮಕ್ಕಳ ಮಾರಿ ಒಡಿಯಾಕ ಕಲ್ತಿಯೇನು ಅಂತ ಬೈದು, ಆ ಬಿಳೀ ಅಂಗಿ ಟ್ರಂಕಿನ್ಯಾಗ ಹಾಕಿ ಕೀಲಿ ಜಡದೀನಿ. 'ನಾ ಹೊಡದಿಲ್ಲ ಯವ್ವಾ' ಅಂದ್ಲು. ರೆಫರಿ ಅಕ್ಕೋರು ಸುಳ್ಳ ಹೇಳ್ತಾರೇನು ಅಂದೆ."

ಆಮೇಲೆ ಅವಳು ಮಾಡಿದ್ದು ನನಗೆ ಯಾವ ತರಬೇತಿ ಶಿಬಿರದಲ್ಲೂ ಯಾರೂ ಕಲಿಸದ ಕೆಲಸ. ಅಕ್ಕಪಕ್ಕದ ಶೆಡ್ಡಿನವರನ್ನು ಹೆಸರು ಹಿಡಿದು ಕೂಗಿ ಕರೆದಳು. ಹತ್ತು ಹನ್ನೆರಡು ಮಂದಿ ಬಂದು ನಿಂತರು. "ಈಗ ಹೇಳ್ರಿ" ಎಂದಳು. "ಇವರ ಮುಂದೇ ಬೈದೀನಿ, ಇವರ ಮುಂದೇ ಹೇಳ್ರಿ."

ಹೇಳಿದೆ. ನಾನು ರೆಫರಿ, ನಾನು ತಪ್ಪು ಮಾಡಿದೆ, ಈ ಹುಡುಗಿ ಯಾರನ್ನೂ ಹೊಡೆದಿಲ್ಲ, ಅವಳೇ ಗೆಲ್ಲುತ್ತಿದ್ದಳು. ನಾಲ್ಕು ಮಾತು. ಬಂದವರಲ್ಲಿ ಒಬ್ಬ ಮುದುಕ, "ಹಂಗಾರ ಚಲೋ ಆತು ಬಿಡ್ರಿ" ಎಂದು ತಿರುಗಿ ಹೋದ. ಉಳಿದವರೂ ಹೋದರು.

ಶರಣಮ್ಮ ಆಗ ಮೊದಲ ಸಲ ಮಾತಾಡಿದಳು. "ನನ್ನ ಕೈ ಎಷ್ಟ್ ದೂರ ಇತ್ರಿ ಅಕ್ಕೋರ?"

ಮೊಬೈಲು ಕೊಟ್ಟೆ. ನಾಲ್ಕು ಸಲ ನೋಡಿದಳು. ಕೀರ್ತನಾಳ ಬಗ್ಗೆಯಾಗಲಿ ನನ್ನ ಬಗ್ಗೆಯಾಗಲಿ ಏನೂ ಅನ್ನಲಿಲ್ಲ. "ನಾ ಕೈ ಹಿಂದಕ್ಕ ಎಳಕೊಳ್ಳೂದು ತಡಾ ಆಗೇತಿ ನೋಡ್ರಿ. ಅಲ್ಲೇ ಬಿಟ್ಟೀನಿ. ಲಗೂನ ಎಳಕೊಂಡಿದ್ರ ನಿಮಗ ಗೊತ್ತಾಗ್ತಿತ್ತು."

ಅವಳು ಹೇಳಿದ್ದು ಸರಿಯಾಗಿತ್ತು. ಆ ವಯಸ್ಸಿನಲ್ಲಿ ತನ್ನ ಮೇಲಾದ ಅನ್ಯಾಯದ ವಿಡಿಯೊದಲ್ಲಿ ತನ್ನ ತಪ್ಪು ಹುಡುಕಿದವರನ್ನು ನಾನು ಬೇರೆ ಕಂಡಿಲ್ಲ. ಬೆಳಿಗ್ಗೆ ಐದೂವರೆಗೆ ನಮ್ಮ ಶಾಲೆಯ ಮೈದಾನಕ್ಕೆ ಬರಲು ಹೇಳಿದೆ. ಚಂದಮ್ಮ ಟ್ರಂಕಿನ ಕೀಲಿ ತೆಗೆದಳು.

ತನ್ನ ಶಿಷ್ಯೆ ಆಡುವಲ್ಲಿ ರೆಫರಿಯಾಗುವಂತಿಲ್ಲ. ಆಯ್ಕೆ ಪಂದ್ಯಗಳ ರೆಫರಿ ಕೆಲಸ ಬಿಡುತ್ತೇನೆಂದು ಕುಲಕರ್ಣಿ ಸರ್ ಅವರಿಗೆ ಹೇಳಿದೆ.

"ಒಂದು ಹುಡುಗಿ ಸಲುವಾಗಿ?"

"ರೆಫರಿಗೆ ನಿಮ್ಮ ಹತ್ರ ಎಂಟು ಮಂದಿ ಅದಾರ್ರಿ ಸರ್. ಆಕಿ ಕುರ್ಚಿಗೆ ಒಬ್ಬರೂ ಇಲ್ಲ."

ಅವರು ಬೈಯಲಿಲ್ಲ. ತ್ಯಾಗವೆಂದು ನೀವೂ ಭಾವಿಸಬೇಡಿ. ಅಷ್ಟು ಹೊತ್ತಿಗೆ ನನ್ನ ಮೊಣಕಾಲು ನೋಯುತ್ತಿತ್ತು, ದಿನವಿಡೀ ನಿಲ್ಲುವುದು ಕಷ್ಟವಾಗಿತ್ತು.

ತಂಡಕ್ಕೆ ಸೇರಲು ಏನು ಬೇಕು ಎಂದು ಕೇಳುವವರಿಗೆ ಗುದ್ದು, ಒದೆ, ಧೈರ್ಯ ಎಂದು ಹೇಳುತ್ತಾರೆ. ಕಾಗದ ಬೇಕು ಎಂದು ಯಾರೂ ಹೇಳುವುದಿಲ್ಲ. ಶರಣಮ್ಮನ ಜನನ ಪ್ರಮಾಣಪತ್ರದಲ್ಲಿ ಶರಣಮ್ಮ ಎಂದಿತ್ತು. ಶಾಲೆಗೆ ಸೇರಿಸುವಾಗ ಯಾವ ಮೇಷ್ಟ್ರೋ ಚೆಂದ ಇರಲಿ ಎಂದು ಶರಣ್ಯ ಮಾಡಿದ್ದರು. ಮರುವರ್ಷದ ಆಯ್ಕೆಯ ದಿನ ನೋಂದಣಿಯ ಮೇಜಿನಲ್ಲಿ ಇಬ್ಬರಲ್ಲಿ ಬಂದವಳು ಯಾರು ಎಂದು ಕೇಳಿದರು. ವಕೀಲರ ಬಳಿ ಅಫಿಡವಿಟ್ ಮಾಡಿಸಲು ಚಂದಮ್ಮನನ್ನು ಆಟೋದಲ್ಲಿ ಕೋಠಿಗೆ ಕರೆದೊಯ್ದೆ. ಇಬ್ಬರೂ ಒಬ್ಬಳೇ ಎಂದು ಟೈಪು ಮಾಡುತ್ತಿದ್ದವನಿಗೆ ಅವಳು, "ಮನ್ಯಾಗ ಶರಣಿ ಅಂತೀವ್ರಿ. ಅದನ್ನೂ ಬರದುಬಿಡ್ರಿ, ನಾಳೆ ಮತ್ಯಾರರ ಕೇಳಿದ್ರ?" ಎಂದಳು. ನಾವು ತಿರುಗಿ ಬರುವವರೆಗೆ ಕುಲಕರ್ಣಿ ಸರ್ ಪಟ್ಟಿ ಮುಚ್ಚದೆ, ಪೆನ್ನಿನ ಶಾಯಿ ಮುಗಿದಿದೆ ಎಂದು ಎಲ್ಲರಿಗೂ ಹೇಳುತ್ತ ಕುಳಿತಿದ್ದರಂತೆ.

ಕಾಗದವಾದ ಮೇಲೆ ತೂಕ. ತಕ್ಕಡಿಯ ಮೇಲೆ ನಿಂತಾಗ ಅವಳು ತನ್ನ ವರ್ಗಕ್ಕಿಂತ ಸ್ವಲ್ಪ ಹೆಚ್ಚಿದ್ದಳು. ನೀರು ಬಿಡಿಸಿ, ಸ್ವೆಟರ್ ಹಾಕಿಸಿ ಓಡಿಸಿ ಎಂದು ಪಕ್ಕದವರು ಸಲಹೆ ಕೊಟ್ಟರು. ನಾನು ಓಡಿಸಲಿಲ್ಲ, ಮೇಲಿನ ವರ್ಗದಲ್ಲಿ ಆಡಿಸಿದೆ. ತನಗಿಂತ ಗೇಣುದ್ದ ಎತ್ತರದವರೊಡನೆ ಆಡಿ ಸೆಮಿಫೈನಲ್ಲಿನಲ್ಲಿ ಸೋತಳು. ಒಬ್ಬೊಬ್ಬರಾಗಿ ಆಡುವ ವಿಭಾಗದಲ್ಲಿ ಜಾಗ ಸಿಗಲಿಲ್ಲ. ಆದರೆ ತಂಡ ವಿಭಾಗ ಎಂದೊಂದಿದೆ. ಮೂವರು ಆಡುವವರು, ಒಬ್ಬಳು ಕಾಯ್ದಿರಿಸಿದವಳು. ಆ ನಾಲ್ಕನೆಯವಳಾಗಿ ಶರಣಮ್ಮನ ಹೆಸರು ಓದಿದರು. ಮೊದಲನೆಯ ಹೆಸರು ಕೀರ್ತನಾ.

ಶಿಬಿರದಲ್ಲಿ ಇಬ್ಬರೂ ಒಂದೇ ಕೋಣೆ. ಜಗಳವಾಗಲಿಲ್ಲ, ಸ್ನೇಹವೂ ಆಗಲಿಲ್ಲ. ಕೀರ್ತನಾ ಹಳೆಯದನ್ನು ಎತ್ತಲಿಲ್ಲ, ಶರಣಮ್ಮನೂ ಎತ್ತಲಿಲ್ಲ. ಅಭ್ಯಾಸದಲ್ಲಿ ಜೋಡಿ ಮಾಡಿದಾಗ ಕೀರ್ತನಾ ಮೊದಮೊದಲು ಎಲ್ಲೋ ನೋಡುತ್ತ ಆಡುತ್ತಿದ್ದಳು. ಹತ್ತು ದಿನಗಳ ನಂತರ ಸರಿಯಾಗಿ ನೋಡಿ ಆಡತೊಡಗಿದಳು. ಅದಕ್ಕಿಂತ ಹೆಚ್ಚಿನದನ್ನು ತರಬೇತುದಾರರು ಬಯಸಬಾರದು.

ರಾಷ್ಟ್ರಮಟ್ಟದ ಪಂದ್ಯಗಳು ಉತ್ತರದ ಒಂದು ಊರಿನಲ್ಲಿ. ನಾನು ಹುಡುಗಿಯರ ತಂಡದ ಮ್ಯಾನೇಜರಾಗಿ ಹೋಗಿದ್ದೆ. ಎರಡನೆಯ ಸುತ್ತಿನಲ್ಲಿ ಕೀರ್ತನಾ ಆಡುತ್ತಿದ್ದಳು, ನಾನು ಮ್ಯಾಟಿನ ಪಕ್ಕದ ಕುರ್ಚಿಯಲ್ಲಿ, ಶರಣಮ್ಮ ನನ್ನ ಹಿಂದೆ. ಎದುರಾಳಿ ಒದೆ ಬೀಸಿದಳು, ಕೀರ್ತನಾ ಬಿದ್ದಳು. ಹೊರಳಲಿಲ್ಲ, ಕೂಗಲಿಲ್ಲ, ಏಳಲು ಹೋಗಿ ಮತ್ತೆ ಕುಳಿತಳು. ರೆಫರಿ ಅನುಮಾನದಿಂದ ನೋಡುತ್ತಿದ್ದರು. ನಟನೆಗೂ ದಂಡನೆಯಿದೆ, ಅದನ್ನು ಕೊಡುವ ಯೋಚನೆಯಲ್ಲಿದ್ದರು. ನಿಜ ಹೇಳಬೇಕೆಂದರೆ ನನಗೂ ಅದೇ ಅನಿಸಿತು. ಮತ್ತೆ ಶುರುಮಾಡಿದಳು ಎಂದುಕೊಂಡು ಕುರ್ಚಿಗೆ ಒರಗಿದೆ.

ಶರಣಮ್ಮ ನನ್ನ ಭುಜ ಹಿಡಿದು ಅಲುಗಿಸಿದಳು.

"ಈ ಸಲ ಖರೇನ ಐತ್ರಿ ಅಕ್ಕೋರ! ಸಪ್ಪಳಾ ಕೇಳಸಲಿಲ್ಲೇನ್ರಿ? ಡಾಕ್ಟರಿಗೆ ಕರೀರಿ, ಲಗೂ ಕರೀರಿ!"

ನಾನು ಎದ್ದು ಕೂಗಿದೆ. ಡಾಕ್ಟರು ಬಂದು ಮುಟ್ಟಿ ನೋಡಿದ ಕೂಡಲೇ ಪಂದ್ಯ ನಿಲ್ಲಿಸಿದರು. ದವಡೆಯ ಮೂಳೆ ಬಿರುಕು ಬಿಟ್ಟಿತ್ತು. ಅದೇ ಹುಡುಗಿಯ ವಿಷಯದಲ್ಲಿ ನಾನು ಎರಡು ಸಲ ತಪ್ಪಿದೆ. ಅವಳು ಸುಳ್ಳಾಡಿದಾಗ ನಂಬಿದೆ, ನಿಜ ಹೇಳಿದಾಗ ನಂಬಲಿಲ್ಲ. ಮೊದಲನೆಯದು ಕಲಿತದ್ದನ್ನು ಮರೆತು ಆದದ್ದು, ಎರಡನೆಯದು ಅನುಭವದಿಂದಲೇ ಆದದ್ದು. ಎರಡನೆಯ ಬಗೆಯ ತಪ್ಪಿಗೆ ಹೆಚ್ಚು ಹೆದರಿ ಎಂದು ಹೊಸಬರಿಗೆ ಹೇಳಬಯಸುತ್ತೇನೆ.

ಆ ಸುತ್ತನ್ನು ಉಳಿದಿಬ್ಬರು ಗೆದ್ದುಕೊಟ್ಟರು. ಮುಂದಿನ ಸುತ್ತಿನಲ್ಲಿ ಕೀರ್ತನಾಳ ಬದಲು ಶರಣಮ್ಮ ಇಳಿದು ತನ್ನ ಪಂದ್ಯ ಗೆದ್ದಳು. ತಂಡ ಸೋತಿತು. ಪದಕವಿಲ್ಲದೆ ಹಿಂತಿರುಗಿದೆವು.

ಬಂದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಮಗಳ ಜೊತೆ ಚಂದಮ್ಮನೂ ಬಂದಳು. ಗೆದ್ದಿರೇನು ಎಂದು ಕೇಳಲಿಲ್ಲ.

"ಯಾರೋ ಹುಡುಗಿಗೆ ದವಡಿ ಮುರದೈತಂತಲ್ರಿ. ಹೆಂಗದಾಳ?"

"ತಂತಿ ಹಾಕಿ ಕಟ್ಟಿದ್ದಾರೆ. ಒಂದು ತಿಂಗಳು ಗಟ್ಟಿ ಊಟವಿಲ್ಲ."

ಶರಣಮ್ಮ ಅವ್ವನ ಕಡೆ ನೋಡದೆ ಹೇಳಿದಳು: "ಆಕೀನೇ ಯವ್ವಾ. ಆವತ್ತು ಬಿದ್ದಾಕಿ."

ಚಂದಮ್ಮ ನನ್ನ ಕಡೆ ತಿರುಗಿದಳು.

"ಹಂಗಾರ ಅಂಬ್ಲಿಗೆ ಖಾರ ಹಾಕೂದಿಲ್ರಿ. ಬಾಯಿ ಉರೀತೈತಿ."

ಮರುದಿನ ಜೋಳದ ಅಂಬಲಿಯ ಸ್ಟೀಲು ಡಬ್ಬಿ ನನ್ನ ಕೈಗೆ ಬಂತು. ಲೋಕಲ್ ರೈಲಿನಲ್ಲಿ ಕಾಚಿಗುಡದವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ನಾರಾಯಣಗೂಡದಲ್ಲಿ ಕೀರ್ತನಾಳ ಮನೆ ಹುಡುಕಿದೆ. ಅವಳು ಮಾತಾಡುವ ಹಾಗಿರಲಿಲ್ಲ. ಯಾರು ಕಳಿಸಿದ್ದು ಎಂದು ಕಾಗದದ ಮೇಲೆ ಬರೆದು ಕೇಳಿದಳು. ಹೇಳಿದೆ. ಅವಳು ಆ ಕಾಗದವನ್ನು ಮಡಿಚಿ ಕೈಯಲ್ಲೇ ಇಟ್ಟುಕೊಂಡು, ನಳಿಗೆಯಲ್ಲಿ ನಿಧಾನವಾಗಿ ಅಂಬಲಿ ಕುಡಿದು ಮುಗಿಸಿದಳು. ಡಬ್ಬಿ ತೆಗೆದುಕೊಳ್ಳಲು ನಾನು ಕೈ ಚಾಚಿದಾಗ ಕೊಡಲಿಲ್ಲ.

ದವಡೆ ಕೂಡಿದ ಮೇಲೆ ಅವಳು ಒಬ್ಬಳೇ ಲಿಂಗಂಪಲ್ಲಿಯ ಶೆಡ್ಡಿಗೆ ಹೋಗಿದ್ದಳಂತೆ. ಅಲ್ಲಿ ಏನು ಮಾತಾಯಿತೆಂದು ಶರಣಮ್ಮ ಹೇಳಲಿಲ್ಲ, ನಾನು ಕೇಳಲಿಲ್ಲ. ಚಂದಮ್ಮ ಆ ಸಲ ನೆರೆಯವರನ್ನು ಕರೆಯಲಿಲ್ಲವಂತೆ. ವಾರದ ನಂತರ ಸ್ಟೇಶನ್ನಿನ ಹತ್ತಿರ ಸಿಕ್ಕ ಚಂದಮ್ಮ ನನಗೆ ಹೇಳಿದ್ದು ಇಷ್ಟೇ:

"ಡಬ್ಬಿ ತಂದು ಕೊಟ್ಲು ನೋಡ್ರಿ ಅಕ್ಕೋರ ಆ ಹುಡುಗಿ. ಖಾಲಿ ತರಲಿಲ್ಲ. ಬೆಲ್ಲ ತುಂಬಿಕೊಂಡು ಬಂದಿತ್ತು."